ಮೆಟ್ಟಿಲ ಮೇಲಿನ ಮೂರು ಮಾತು

ಬಡವರ ಪರವಾಗಿ ಸರ್ಕಾರಗಳ ಬೆನ್ನು ಹತ್ತುವ ಅಂತರರಾಷ್ಟ್ರೀಯ ಸಂಸ್ಥೆಯೊಂದರ ಕಾರ್ಯಕರ್ತೆ ನಿಲ್ಡಾ ಚೋಕೆಗೂ ಕುರ್ಚಿಗೂ ಎಣ್ಣೆ ಸೀಗೆಕಾಯಿ. ಸಾಲ್ತೇನ್ಯಾ ಕಡುಬನ್ನೂ ನಡೆಯುತ್ತಲೇ ತಿಂದು, ರಸವನ್ನು ತೋಳಿಗೆ ಒರೆಸಿಕೊಂಡು, ಲಾ ಪಾಸ್ ನಗರದ ಸರ್ಕಾರಿ ಕಚೇರಿಯ ಮೆಟ್ಟಿಲಿಳಿಯುವ ಮಂತ್ರಿಯ ಮುಂದೆ ತಾನು ಹಿಮ್ಮುಖವಾಗಿ ಇಳಿಯುವಳು: "ಮೂರೇ ಮಾತು ಸಾರ್! ಗುಡ್ಡದ ಹಳ್ಳಿಗಳಿಗೆ ನೀರು, ರೈತರ ಸಾಲಕ್ಕೆ ವಾಯಿದೆ, ಹೆಂಗಸ್ರಿಗೂ ಸಭೇಲಿ ಜಾಗ!" "ಆಯ್ತು ಕಣಮ್ಮ, ದಾರಿ ಬಿಡು!" ಎಂದು ಮಂತ್ರಿಯೇ ಗೋಗರೆಯಬೇಕು. ಮನೆಯಲ್ಲೂ ಅದೇ ಚಾಳಿ: "ಮೂರೇ ಮಾತಮ್ಮ. ಉಣ್ಣು, ಮಾತ್ರೆ ನುಂಗು, ಮಲ್ಕೋ." "ನಾನೇನು ಮಂತ್ರೀನೇನೇ? ಒಂದ್ಗಳಿಗೆ ಕೂತ್ಕೊಳ್ಳೇ" ಎಂದು ತಾಯಿ ಗೊಣಗುವಳು. ಮೊನ್ನೆ ಆ ತಾಯಿಯನ್ನೇ ಆಸ್ಪತ್ರೆಗೆ ಸೇರಿಸಿ, ಮೆಟ್ಟಿಲಿಳಿಯುತ್ತಿದ್ದ ಡಾಕ್ಟರನ್ನು ಅಡ್ಡಗಟ್ಟಿದಳು: "ಮೂರೇ ಮಾತು ಡಾಕ್ಟ್ರೇ! ಅಮ್ಮನ್ನ ಉಳಿಸ್ಕೊಡಿ." ಮಿಕ್ಕೆರಡನ್ನು ಹುಡುಕಿದಳು, ಸಿಗಲಿಲ್ಲ. ಡಾಕ್ಟರು ತಲೆ ತಗ್ಗಿಸಿದರು. ನಿಲ್ಡಾ ಅಲ್ಲೇ, ಮೆಟ್ಟಿಲ ಮೇಲೆ, ಕೂತಳು.