ಉಪದೇಶಿಗಳ ಖಾಲಿ ಬುಟ್ಟಿ

ರಾಜಾಜಿನಗರದಲ್ಲಿ ಮನೆಗಳಿಗಿಂತ ನಿವೇಶನದ ಕಲ್ಲುಗಳೇ ಹೆಚ್ಚಾಗಿರುವ ಈ ದಿನಗಳಲ್ಲಿ, ನಮ್ಮ ಬೀದಿಗೆ ಬೆಳಗಾಗುವುದು ಕೋಳಿಯಿಂದಲ್ಲ, ಚರ್ಚಿನ ಉಪದೇಶಿ ಜೀವರತ್ನಯ್ಯನವರ ಕೂಗಿನಿಂದ. ನಲ್ಲಿಯಲ್ಲಿ ನೀರು ಬಾರದಿದ್ದರೆ "ದೇವರ ತೀರ್ಪು ಕಣಯ್ಯಾ!", ಕೈ ತೋರಿಸಿದರೂ ಬಸ್ಸು ನಿಲ್ಲದಿದ್ದರೆ ಅದೂ ತೀರ್ಪೇ, ಹಾಲು ಮಾರುವ ಅಕ್ಕಯ್ಯಮ್ಮ ಚೊಂಬಿಗೆ ಹಾಲು ಹೊಯ್ದರಂತೂ ಬೈಬಲ್ಲಿನ ಬಾಬಿಲೋನಿನ ಸೈನ್ಯವೇ ಪಕ್ಕದ ಕೇತಮಾರನಹಳ್ಳಿ ದಾಟಿ ಬಂದಂತೆ "ಇಷ್ಟು ನೀರು ಹಾಕಿದ್ರೆ ತೀರ್ಪು ತಪ್ಪಲ್ಲ ಕಣಮ್ಮಾ!" ಎಂಬ ಗುಡುಗು. ಗುಡುಗಿದ ಮೇಲೆ ಒಂದು ಚಿಟಿಕೆ ನಶ್ಯ ಏರಿಸಿ, ಸೀನಿ, ಮುಖ ಅರಳಿಸಿ "ಆದರೂ..." ಎನ್ನುತ್ತಾರೆ. ಊರೇ ಬರಿದಾಗುವ ತೀರ್ಪನ್ನು ಕಣ್ಣಾರೆ ಕಂಡೂ, ಅಂಜೂರ ಹಣ್ಣು ಬಿಡದಿದ್ದರೂ ದೇವರಲ್ಲಿ ಹಿಗ್ಗಿದ, ಬೈಬಲ್ಲಿನ ಹಬಕ್ಕೂಕ ಪ್ರವಾದಿಯ 'ಆದರೂ' ಅದು. ಉಪದೇಶಿಗಳ ಅಂಗಳದಲ್ಲೂ ಹೆಂಡತಿ ಸುಗುಣಮ್ಮ ನೆಟ್ಟ ಅಂಜೂರವಿದೆ. ಇದುವರೆಗೆ ಒಂದು ಹಣ್ಣೂ ಬಿಟ್ಟಿಲ್ಲ. ಚರ್ಚಿನ ಸುಗ್ಗಿ ಹಬ್ಬಕ್ಕೆ ಉಳಿದವರು ಕುಂಬಳ, ಕೋಳಿ, ಬಾಳೆಗೊನೆ ಕಾಣಿಕೆ ತಂದರೆ ಇವರದು ತೊಳೆದೊರೆಸಿದ ಖಾಲಿ ಬುಟ್ಟಿ. ಪಾದ್ರಿಗಳು ಹುಬ್ಬೇರಿಸಿದರೆ "ಹಣ್ಣಿಲ್ಲ ಸ್ವಾಮಿ. ಆದರೂ ಸ್ತೋತ್ರ ಇದೆ!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಾರೆ. ಈ ಸಲ ಹಬ್ಬದ ಹಿಂದಿನ ವಾರ ಸುಗುಣಮ್ಮ ತೀರಿಕೊಂಡರು. ಹಬ್ಬದ ಬೆಳಗ್ಗೆ ನಮ್ಮ ಬೀದಿ ಸದ್ದಿಲ್ಲದೆ ಎದ್ದಿತು. ಉಪದೇಶಿಗಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕುಳಿತಿದ್ದರು. ಅಕ್ಕಯ್ಯಮ್ಮ ಬಂದು ಹಾಲು ಹೊಯ್ದಳು. ಬೈಗುಳ ಬರಲಿಲ್ಲ. ಹೊರಟವಳು ತಿರುಗಿ ನಿಂತು, "ದಿನಾ ಆದ್ರೂ ಅಂತೀರಲ್ಲ ಅಯ್ನೋರೇ, ಹೇಳಿ ಮತ್ತೆ" ಎಂದಳು. ಅವರು ಅವಳನ್ನು ನೋಡಿದರು, ಚೊಂಬನ್ನು ನೋಡಿದರು, ಬುಟ್ಟಿ ಹಿಡಿದು ಎದ್ದರು. "ಆದರೂ," ಎಂದರು, "ಇವತ್ತೂ ನೀರು ಜಾಸ್ತಿ ಕಣಮ್ಮಾ."