ಬಡಿದು ನೋಡುವವರ ಲೆಕ್ಕ

ಇಳಕಲ್ಲಿನ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಎಣಿಸುವುದು ನನ್ನ ಕೆಲಸ. ದಿನವೂ ಸಂಜೆ ಮೂರು ಅಂಕಿ ಬರೆಯುತ್ತೇನೆ: ಪಾಲಿಶ್ ಮುಗಿದ ಕಲ್ಲು ಎಷ್ಟು ಚದರ ಅಡಿ, ಕೆಲಸಕ್ಕೆ ಬಂದ ಮಂದಿ ಎಷ್ಟು, ಭಾಗಿಸಿದರೆ ತಲೆಗೆ ಎಷ್ಟು. ಸಾವ್ಕಾರರು ನೋಡುವುದು ಮೂರನೆಯದನ್ನು ಮಾತ್ರ. ಇದಲ್ಲದೆ ನನ್ನದೇ ಒಂದು ಡೈರಿ ಇದೆ. ಗುಡೂರಿನಿಂದ ನಾನು ಬರುವ ಬಸ್ಸು ಎಷ್ಟು ನಿಮಿಷ ತಡ, ಮಧ್ಯಾಹ್ನ ಯಾರೊಡನೆ ಊಟ ಮಾಡಿದೆ ಎನ್ನುವುದೆಲ್ಲ ಅದರಲ್ಲಿರುತ್ತದೆ.

ಹೋದ ವರ್ಷದ ಶ್ರಾವಣದ ತನಕ ಊಟದ ಸಾಲಿನಲ್ಲಿ ಒಂದೇ ಹೆಸರು: ಕಾಕಾ.

ಕಾಕಾ ಹುನಗುಂದದಿಂದ ಬರುತ್ತಿದ್ದರು. ಅವರು ಕಲ್ಲು ಕೊಯ್ಯುತ್ತಿರಲಿಲ್ಲ, ಉಜ್ಜುತ್ತಿರಲಿಲ್ಲ. ಪಾಲಿಶ್ ಆದ ಪ್ರತಿ ಸ್ಲ್ಯಾಬನ್ನೂ ಸಣ್ಣ ಸುತ್ತಿಗೆಯ ಹಿಡಿಕೆಯಿಂದ ಬಡಿದು ಕಿವಿಗೊಡುತ್ತಿದ್ದರು. ಗಂಟೆಯಂತೆ ನುಡಿದರೆ ಮುಂದಕ್ಕೆ. ದನಿ ಸತ್ತಿದ್ದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕು. ಅಂಥದಕ್ಕೆ ಚಾಕ್‌ಪೀಸಿನಿಂದ ಒಂದು ಕತ್ತರಿ ಗುರುತು. ಗುರುತು ಬಿದ್ದ ಕಲ್ಲು ಅಮೆರಿಕಕ್ಕೆ ಹೋಗುವ ಕಂಟೇನರ್ ಏರುತ್ತಿರಲಿಲ್ಲ.

"ಹೆಂಗ ತಿಳಿತೈತ್ರಿ ಕಾಕಾ?" ಎಂದು ಒಮ್ಮೆ ಊಟದ ಹೊತ್ತಿಗೆ ಕೇಳಿದೆ.

"ಸಂತ್ಯಾಗ ಗಡಿಗಿ ತಗೊಳ್ಳೂ ಮುಂದ ನಿಮ್ಮವ್ವ ಬಡದ ನೋಡಂಗಿಲ್ಲೇನ? ಇದೂ ಅಷ್ಟ. ನೀ ಮೊದಲ ಪೆನ್ ಇಟ್ಟ ಕೇಳ. ಎಷ್ಟ ತುತ್ತ ಉಂಡಿ ಅನ್ನೂದನ್ನೂ ಬರಿತಿಯೇನವಾ?"

"ತುತ್ತ ಬರಿಯಂಗಿಲ್ರಿ. ರೊಟ್ಟಿ ಎಷ್ಟ ಅಂತ ಬರಿತೇನ್ರಿ."

ಅವರು ಕೆಮ್ಮು ಬರುವ ತನಕ ನಕ್ಕರು. ಆಮೇಲೆ ನನ್ನ ಕೈಗೆ ಸುತ್ತಿಗೆ ಕೊಟ್ಟು ಎರಡು ಕಲ್ಲು ಬಡಿಸಿದರು. ಸತ್ತದ್ದು ಯಾವುದೆಂದು ನನಗೂ ತಿಳಿಯಿತು.

ಅಮೆರಿಕದವರು ನಮ್ಮ ದೇಶದ ಸಾಮಾನಿನ ಮೇಲೆ ಸುಂಕ ಏರಿಸಿದ್ದನ್ನು ನಾನು ಪೇಪರಿನಲ್ಲಿ ಓದಿದ್ದೆ. ಅದು ಫ್ಯಾಕ್ಟರಿಗೆ ಬಂದು ಮುಟ್ಟಲು ಮೂರು ವಾರ ಹಿಡಿಯಿತು. ತಿಂಗಳಿಗೆ ನಾಲ್ಕು ಕಂಟೇನರ್ ಹೋಗುತ್ತಿದ್ದ ಕಡೆ ಒಂದೂ ಹೋಗಲಿಲ್ಲ. ಕಟ್ಟಿಗೆ ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಕಲ್ಲು ಅಂಗಳದಲ್ಲೇ ಬಿಸಿಲು ಕಾಯುತ್ತ ನಿಂತಿತು. ಸಾವ್ಕಾರರು ನನ್ನನ್ನು ಕರೆದರು.

"ಒಬ್ಬೊಬ್ಬರು ದಿನಕ್ಕ ಎಷ್ಟ ಫೂಟ್ ತಗೀತಾರ, ಹೆಸರಿನ ಮುಂದ ಬರದ ಕೊಡವಾ. ಅರ್ಧಾ ಮಂದಿನ್ನ ಬಿಡಸಬೇಕಾಗೇತಿ."

ಹದಿನಾಲ್ಕು ಹೆಸರು. ಕಾಕಾನ ಹೆಸರಿನ ಮುಂದೆ ಸೊನ್ನೆ ಬರೆದೆ. ಅದು ಸುಳ್ಳಲ್ಲ. ಅವರು ಹಾಕಿದ ಗುರುತುಗಳ ಎಣಿಕೆ ನನ್ನ ಡೈರಿಯಲ್ಲಿತ್ತು, ಆದರೆ ಸಾವ್ಕಾರರ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಅವರು ಕೇಳದ ಕಾಲಂ ನಾನು ಗೆರೆ ಎಳೆದು ಮಾಡಲಿಲ್ಲ.

ಏಳು ಜನ ಹೋದರು. ಕಾಕಾ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ ನನ್ನ ಮುಖ ನೋಡಿದರು. "ಖರೇನ ಬರದಿ ಬಿಡವಾ. ನಾ ಎಲ್ಲಿ ಕಲ್ಲ ತಗದೇನಿ?"

ನಿಧಾನದವರೂ ಸೊನ್ನೆಯವರೂ ಹೋದ ಮೇಲೆ ಒಟ್ಟು ಅಡಿ ಇಳಿಯಿತು, ತಲೆಗೆ ಬರುವ ಅಂಕಿ ಏರಿತು. ಮೂರನೆಯ ದಿನ ತಡೆಯಲಾರದೆ ಡೈರಿ ಹಿಡಿದು ಸಾವ್ಕಾರರ ಮುಂದೆ ನಿಂತೆ.

"ಯುಗಾದಿಯಿಂದ ಇಲ್ಲೀತನಾ ಕಾಕಾ ಮೂವತ್ತೊಂಬತ್ತ ಕಲ್ಲಿಗೆ ಗುರುತ ಹಾಕ್ಯಾರ್ರಿ. ಹೊರಗ ಹೋದ ಮಾಲು ಒಂದೂ ವಾಪಸ್ ಬಂದಿಲ್ರಿ. ಅವರನ್ನ ತಿರಗಿ ಕರೀರಿ."

ಅವರು ಸಿಟ್ಟಾಗಲಿಲ್ಲ. ಹಾಳೆ ತಿರುವಿ ಪೂರ್ತಿ ನೋಡಿದರು. "ನಿನ್ನ ಲೆಕ್ಕ ಖರೆ ಐತಿ. ಆದ್ರ ಬಡದ ನೋಡತಿದ್ದದ್ದು ಆ ದೇಶದವರ ಸಲುವಾಗಿ. ಈಗ ಮಾಲು ಹೋಗೂದು ಬಾಗಲಕೋಟ್ಯಾಗ ಅಡಿಗಿಮನಿ ಕಟ್ಟಿ ಮ್ಯಾಲ ಹಾಕಾಕ. ಅಲ್ಲಿ ಫೂಟಿಗೆ ರೇಟ ಎಷ್ಟ ಅಂತ ಕೇಳ್ತಾರ, ದನಿ ಹೆಂಗೈತಿ ಅಂತ ಯಾರ ಕೇಳ್ತಾರ?"

ಮರುದಿನ ಪೆಟ್ಟಿಗೆಯ ಮೇಲೆ ಕುಳಿತು ಉಂಡೆ. ಪಕ್ಕದಲ್ಲಿ ಒಂದು ಕೆಂಪು ಸ್ಲ್ಯಾಬು ಒರಗಿ ನಿಂತಿತ್ತು. ಕೈ ತೊಳೆದು ಬೆರಳ ಗೆಣ್ಣಿನಿಂದ ಬಡಿದೆ. ಇನ್ನೊಮ್ಮೆ ಬಡಿದೆ. ಟೆಂಪೊಗೆ ಹೇರುವವನು ಬಂದ.

"ಅಣ್ಣಾ, ಇದು ಸತ್ತೈತಿ."

"ಗುರುತ ಎಲ್ಲೈತಿ?"

"ಇಲ್ಲ."

"ಮತ್ತ ಹೋಗಲಿ ಬಿಡ."

ಸಂಜೆ ಆ ಕಲ್ಲಿನ ಇಪ್ಪತ್ತೆಂಟು ಚದರ ಅಡಿಯನ್ನೂ ಕೂಡಿಸಿದೆ. ತಲೆಗೆ ಬಂದದ್ದು ಆ ವರ್ಷದಲ್ಲೇ ದೊಡ್ಡ ಅಂಕಿ. ಡೈರಿಯ ಊಟದ ಸಾಲಿನಲ್ಲಿ ಬರೆದೆ: ರೊಟ್ಟಿ ಎರಡು, ಒಬ್ಬಳೇ.