ಪಂಚನಾಮೆಯಲ್ಲಿ ಹೂಡಿದ ಎತ್ತು

ಅಪೀಲು ಗೆದ್ದದ್ದು ಕಾನೂನಿನಿಂದ ಎಂದು ನಮ್ಮ ವಕೀಲರು ಇವತ್ತಿಗೂ ಹೇಳುತ್ತಾರೆ. ಹೇಳಲಿ ಪಾಪ. ಗೆದ್ದದ್ದು ನಮ್ಮವ್ವನ ಸಿಟ್ಟಿನಿಂದ.

ನಾನು ಸಿಂದಗಿಯಲ್ಲಿ ಜಂಪರ್ ಹೊಲಿಯುವವಳು. ತವರು ಬಸವನ ಬಾಗೇವಾಡಿ ಕಡೆ, ಇಂಗಳೇಶ್ವರದ ಹತ್ತಿರ. ಅಲ್ಲಿ ನನ್ನ ಅಣ್ಣ ಹೊಲದಂಚಿನ ತಗಡಿನ ಶೆಡ್ಡನ್ನು ಹೊರಗಿನವನೊಬ್ಬನಿಗೆ ಬಾಡಿಗೆಗೆ ಕೊಟ್ಟ. ದನದ ಔಷಧ ಇಡುತ್ತೇನೆ ಅಂದಿದ್ದನಂತೆ ಆ ಮಹಾರಾಯ. ತಂದಿಟ್ಟದ್ದು ನಶೆಯ ಗುಳಿಗೆ ಮಾಡುವ ಯಂತ್ರ. ಅವನು ಪರಾರಿಯಾದ, ಅಣ್ಣ ಒಳಗೆ ಹೋದ. ಗುಳಿಗೆ ತಯಾರಿಸಿದ ಅಪರಾಧಕ್ಕೆ ಹತ್ತು ವರ್ಷ! ಒಂದು ಕಪ್ ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕೆಂದು ಗೊತ್ತಿಲ್ಲದವನು ಗುಳಿಗೆ ತಯಾರಿಸಿದನಂತೆ.

ಶೆಡ್ಡಿನ ಕೀಲಿಕೈ ಅಣ್ಣನ ಕಿಸೆಯಲ್ಲಿ ಸಿಕ್ಕಿತು ಎಂಬ ಒಂದೇ ಮಾತಿನ ಮೇಲೆ ಆ ಶಿಕ್ಷೆ ನಿಂತಿತ್ತು. ನಿಜ ಏನೆಂದರೆ ಭಾನುವಾರ ಮಧ್ಯಾಹ್ನ ಊಟದ ತಾಟಿನ ಮುಂದಿನಿಂದ ಅವನನ್ನು ಎಬ್ಬಿಸಿಕೊಂಡು ಹೋದರು. ಒಂದು ಚೀಟಿಯನ್ನೂ ತೋರಿಸಲಿಲ್ಲ. ವಾರಂಟು ಹುಟ್ಟಿದ್ದು ಮರುದಿನ. ನಾವು ಎಷ್ಟು ಹೇಳಿದರೂ ಕೆಳಗಿನ ಕೋರ್ಟು ಕಾಗದವನ್ನೇ ನಂಬಿತು.

ಅಪೀಲಿಗೆ ಕಲಬುರಗಿಯ ವಕೀಲರನ್ನು ಹಿಡಿದೆವು. ಅವರು ಜೆರಾಕ್ಸಿನ ದೊಡ್ಡ ಕಟ್ಟು ಕೈಗೆ ಕೊಟ್ಟು, "ವಾರಂಟ್ ಜಾರಿ ಮಾಡಿದ್ದನ್ನ ಪ್ರಶ್ನೆ ಮಾಡೂಣು. ಆದ್ರ ಕೈಗೆ ಏನರೆ ಸಿಗಬೇಕ್ರಿ. ಮನ್ಯಾಗ ಕುಂತು ಓದ್ರಿ, ಸುಳ್ಳ ಕಂಡ್ರ ಹೇಳ್ರಿ" ಅಂದರು.

ತವರಿನ ಪಡಸಾಲೆಯಲ್ಲಿ ಕುಳಿತು ಓದತೊಡಗಿದೆ. ಅವ್ವ ಎದುರಿಗೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. "ಜೋರಾಗಿ ಓದು, ನನಗೂ ಕೇಳ್ಲಿ" ಅಂದಳು. ಅವಳಿಗೆ ಅಕ್ಷರ ಬಾರದು. ಆ ಕಾಗದಗಳಲ್ಲಿ ಏನಿದೆ ಎಂದು ಅಷ್ಟು ದಿನ ಯಾರೂ ಅವಳಿಗೆ ಓದಿ ಹೇಳಿರಲಿಲ್ಲ.

ಪೊಲೀಸರ ಪಂಚನಾಮೆ ಬಂತು. ಓದಿದೆ: "ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಆರೋಪಿಯು ತನ್ನ ಜಮೀನಿನಲ್ಲಿ ಜೋಡೆತ್ತು ಹೂಡಿ ಹರಗುತ್ತಿರುವಾಗ ವಾರಂಟ್ ತೋರಿಸಿ ದಸ್ತಗಿರಿ ಮಾಡಿ, ಅಂಗಶೋಧನೆ ಮಾಡಲಾಗಿ ಕಿಸೆಯಲ್ಲಿ ಕೀಲಿಕೈ ದೊರೆತಿರುತ್ತದೆ."

ಅವ್ವ ಮೊರ ಕುಕ್ಕಿದಳು. ತೊಗರಿಯೆಲ್ಲ ನೆಲದ ಪಾಲು.

"ಏನಂದಿ? ಸ್ವಾಮಾರ ಎತ್ತು ಹೂಡ್ಯಾನ? ನನ್ನ ಮಗಾ?"

ಸೋಮವಾರ ನಮ್ಮ ಕಡೆ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಿತ್ತುವ ಹದ ಕೈ ಬಿಟ್ಟು ಹೋಗುತ್ತಿದ್ದರೂ ಇಡುವುದಿಲ್ಲ.

"ಗುಳಿಗಿ ಮಾಡ್ಯಾನ ಅಂದ್ರು, ಕೇಳಿಸ್ಕೊಂಡೆ. ಕಳ್ಳ ಅಂದ್ರು, ಅದನ್ನೂ ಕೇಳಿಸ್ಕೊಂಡೆ. ಸ್ವಾಮಾರ ನೊಗಾ ಇಟ್ಟಾನ ಅಂತ ಬರ್ದಾನಲ್ಲ, ಅವನ ಬಾಯಾಗ ಮಣ್ಣ ಹಾಕ್ಲಿ! ನಾ ಊರಾಗ ಮಾರಿ ಹೆಂಗ ತೋರಿಸ್ಲೇ?"

ನನಗೆ ನಗು ಉಕ್ಕಿ ಬಂತು. ಹತ್ತು ವರ್ಷದ ಶಿಕ್ಷೆಗಿಂತ ಇದೇ ದೊಡ್ಡ ಅಪಮಾನ ಈಕೆಗೆ! ನಗುತ್ತಿದ್ದವಳಿಗೆ ಒಮ್ಮೆಲೇ ವಕೀಲರು ಕೇಳಿದ ಸುಳ್ಳು ಇದೇ ಎಂದು ಹೊಳೆಯಿತು. "ಯವ್ವಾ, ತಡಿ ತಡಿ!" ಎನ್ನುತ್ತ ಹಾಳೆ ಹಿಂದೆ ಮುಂದೆ ತಿರುವಿದೆ. ಪೊಲೀಸರು ಸಾಕ್ಷಿಗೆಂದು ಪಕ್ಕದೂರಿನ ಒಬ್ಬ ರೈತನನ್ನು ಪಂಚನಾಗಿ ಕರೆತಂದಿದ್ದರು. ಬೆಳಗಿನ ಹೊತ್ತು ಹೊಲ ಬಿಟ್ಟು ಪೊಲೀಸರ ಜೊತೆ ನಿನಗೇನು ಕೆಲಸವಿತ್ತು ಎಂದು ಕೆಳಗಿನ ಕೋರ್ಟಿನಲ್ಲಿ ನಮ್ಮ ಹಿಂದಿನ ವಕೀಲರು ಕೇಳಿದ್ದಕ್ಕೆ ಅವನ ಉತ್ತರ ಅಲ್ಲೇ ಅಚ್ಚಾಗಿತ್ತು: "ಅವತ್ತು ಸೋಮವಾರ. ಎತ್ತು ಹೂಡುವಂತಿಲ್ಲ. ಖಾಲಿ ಇದ್ದೆ, ಕರೆದರು, ಹೋದೆ."

ಅದೇ ಪುಣ್ಯಾತ್ಮ, ನಮ್ಮಣ್ಣ ಎತ್ತು ಹೂಡಿದ್ದನ್ನು ಕಣ್ಣಾರೆ ಕಂಡೆನೆಂದು ಪಂಚನಾಮೆಗೆ ಸಹಿಯನ್ನೂ ಹಾಕಿದ್ದ! ಹಿಂದಿನ ವಕೀಲರು ಪೇಟೆಯವರು, ಹಿತ್ತಲಲ್ಲಿ ಬೈಕು ಕಟ್ಟಿ ಬೆಳೆದವರು; ಅವರಿಗೆಲ್ಲಿ ಹೊಳೆಯಬೇಕು? ನಾನು ಪಡಸಾಲೆಯಲ್ಲೇ ಎದ್ದು ಕುಣಿದೆ. ಅವ್ವನ ಕೈ ಹಿಡಿದೆಳೆದು ಅವಳನ್ನೂ ಒಂದು ಸುತ್ತು ತಿರುಗಿಸಿದೆ. "ಹುಚ್ಚಿ, ತೊಗರಿ ತುಳೀಬ್ಯಾಡ!" ಎಂದು ಬೈದಳು.

ವಕೀಲರಿಗೆ ಫೋನಿನಲ್ಲಿ ಹೇಳಿದೆ. ಅವರು, "ಪುಟದ ನಂಬರ್ ಹೇಳ್ರಿ, ಲಗೂನ ಹೇಳ್ರಿ!" ಎಂದು ಕಿರುಚಿದರು. ಏನಾಯಿತೆಂದು ಅವರ ಹೆಂಡತಿ ಓಡಿ ಬಂದದ್ದೂ ನನಗೆ ಕೇಳಿಸಿತು.

ಹೈಕೋರ್ಟಿನಲ್ಲಿ ನಾನೂ ಅವ್ವನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ನ್ಯಾಯಾಧೀಶರು ಎರಡೂ ಪುಟ ಓದಿದರು, ಮತ್ತೊಮ್ಮೆ ಓದಿದರು. ಅವರು ದಕ್ಷಿಣದ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಸರ್ಕಾರಿ ವಕೀಲರ ಕಡೆ ತಿರುಗಿ, "ಸೋಮವಾರ ಎತ್ತು ಹೂಡುವುದಿಲ್ಲವಂತೆ, ನಿಜವೇ?" ಎಂದು ಕೇಳಿದರು. ಸರ್ಕಾರಿ ವಕೀಲರು ಮುದ್ದೇಬಿಹಾಳ ಕಡೆಯವರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಹೌದು ಮಹಾಸ್ವಾಮಿ. ನಮ್ಮ ಮನೆಯಲ್ಲೂ ಹೂಡುವುದಿಲ್ಲ."

"ಯಾರ ಹೂಡ್ತಾರ್ರೀ!" ಎಂದಳು ಅವ್ವ, ಇಡೀ ಕೋರ್ಟಿಗೆ ಕೇಳುವಂತೆ. ಜವಾನ ಓಡಿ ಬಂದ. ನಾನು ಬಾಯಿಗೆ ಸೆರಗು ತುರುಕಿಕೊಂಡರೂ ನಗು ಮೂಗಿನಿಂದ ಹೊರಬಂತು.

ಕೆಲವು ವಾರಗಳ ನಂತರ ತೀರ್ಪು ಬಂತು. ವಾರಂಟು ಬರುವ ಮೊದಲೇ ಹಿಡಿದೊಯ್ದಿರುವ ಸಂಭವವಿದೆ, ಹೊಲದಲ್ಲಿ ಹಿಡಿದ ಕತೆ ನಂಬುವಂತಿಲ್ಲ, ಆದ್ದರಿಂದ ಕೀಲಿಕೈಯನ್ನೂ ನಂಬುವಂತಿಲ್ಲ, ಶಿಕ್ಷೆ ರದ್ದು. ಆಮೇಲೆ ಮೂರು ದಿನ ನಾನು ಸುಮ್ಮನೆ ನಕ್ಕೆ. ಗಿರಾಕಿಯ ಜಂಪರಿಗೆ ಎರಡೂ ತೋಳು ಒಂದೇ ಕಡೆ ಹೊಲಿದುಬಿಟ್ಟೆ.

ಜೈಲಿನ ಬಾಗಿಲಲ್ಲಿ ಅಣ್ಣ ಹೊರಬಂದಾಗ ಮಾತ್ರ ನಗು ನಿಂತಿತು. ಅಂಗಿ ಮೈಮೇಲೆ ಜೋತಾಡುತ್ತಿತ್ತು. ನನ್ನ ಮುಖ ನೋಡಿ ಅವನೇ ನಕ್ಕ. ಎಲ್ಲಿತ್ತೋ ಸಿಟ್ಟು, "ಗುರ್ತಿಲ್ದಾವಗ ಶೆಡ್ ಕೊಡ್ತಿಯೇನೋ, ಗೂಬಿ!" ಎಂದು ಬೆನ್ನಿಗೆ ಪಟಪಟ ಗುದ್ದಿದೆ. ಅವ್ವ ಬಿಡಿಸಲು ಬಂದಳು.

ಅಣ್ಣ ಅವಳನ್ನು ತಡೆದ. "ಹೊಡೀಲಿ ಬಿಡಬೇ" ಅಂದ. "ಮೂರು ವರ್ಷದಾಗ ತಪಾಸಣಿ ಮಾಡೂದಕ್ಕ ಬಿಟ್ರ ಯಾರೂ ನನ್ನ ಮುಟ್ಟಿಲ್ಲ."